ಮೈಸೂರಿನ ಒಂದು ವೀಕೆಂಡ್ ಟ್ರೆಕ್ಕಿಂಗ್ ಬಳಗ: ಇಡ್ಲಿಗೆ ಐದು ಸ್ಟಾರ್, ಕಮಿಟಿಗೆ ಒಂದೂವರೆ

ಮೊದಲೇ ಹೇಳ್ಬಿಡ್ತೀನಿ, ಬಳಗದ ಹೆಸರು ಹಾಕಲ್ಲ. ಹೆಸರಿಲ್ದೆ ಎಂಥ ರಿವ್ಯೂ ಅಂತ ಕೇಳ್ತೀರಾ, ಕೇಳಿ ಪರ್ವಾಗಿಲ್ಲ, ಪೂರ್ತಿ ಓದಿದ್ಮೇಲೆ ಯಾಕೆ ಅಂತ ಗೊತ್ತಾಗುತ್ತೆ. ಮೈಸೂರಲ್ಲಿ ವಾಲಂಟಿಯರ್‌ಗಳೇ ನಡೆಸೋ ನಡಿಗೆ, ಬೆಟ್ಟ, ಸೈಕಲ್ಲು ಅಂತ ಗುಂಪುಗಳು ಒಂದಾ ಎರಡಾ, ನೀವು ಯಾವುದಕ್ಕೆ ಸೇರೋಕೆ ಹೊರಟಿದ್ರೂ ಇದರಲ್ಲಿ ನಿಮಗೆ ಏನಾದ್ರೂ ಸಿಗಬಹುದು.

ನಾನು ಕುವೆಂಪುನಗರದೋಳು, ವಯಸ್ಸು ನಲವತ್ತಾರು, ಮಂಡಿ ಸ್ವಲ್ಪ ವೀಕು. ಡಾಕ್ಟ್ರು ನಡೀರಿ ಅಂದ್ರು ಅಂತ ಕುಕ್ಕರಹಳ್ಳಿ ಕೆರೆ ಸುತ್ತ ಹಾಕ್ತಿದ್ದೆ, ಅಲ್ಲಿ ದಿನಾ ಸಿಗ್ತಿದ್ದ ರಿಟೈರ್ಡ್ ಮೇಷ್ಟ್ರೊಬ್ರು ಇಲ್ಲಿಗೆ ಎಳ್ಕೊಂಡು ಬಂದ್ರು. ವರ್ಷಕ್ಕೆ 600 ರೂಪಾಯಿ ಮೆಂಬರ್‌ಶಿಪ್ಪು, ಟ್ರಿಪ್ಪಿಗೆ ಬಸ್ಸು ತಿಂಡಿ ಎಲ್ಲಾ ಸೇರಿ 350ರಿಂದ 500ರ ಒಳಗೆ. ಇಷ್ಟಕ್ಕೆ ಇದು ಚೀಪೇ ಕಣ್ರೀ, ಪ್ರೈವೇಟ್‌ನೋರು ಇದೇ ಕರಿಘಟ್ಟಕ್ಕೆ ಇದರ ಎರಡರಷ್ಟು ಕೇಳ್ತಾರೆ, ತಿಂಡಿಗೆ ಒಂದು ಬಿಸ್ಕತ್ ಪ್ಯಾಕೆಟ್ ಕೊಟ್ಟು ಕೈ ತೊಳ್ಕೋತಾರೆ. ಇಲ್ಲಿ ಬಾಳೆಲೆ ಹಾಕಿದ ಡಬ್ರಿಯಲ್ಲಿ ಇಡ್ಲಿ, ಕೆಂಪು ಚಟ್ನಿ, ವಾಪಸ್ ಬರೋವಾಗ ಕಡ್ಲೆಮಿಠಾಯಿ, ಮಜ್ಜಿಗೆ. ಇಡ್ಲಿಗೆ ಕಣ್ಮುಚ್ಕೊಂಡು ಐದು ಸ್ಟಾರ್. ಫಸ್ಟ್ ಏಡ್ ಡಬ್ಬ ಇರುತ್ತೆ, ಎಕ್ಸ್‌ಪೈರ್ ಆಗಿರಲ್ಲ, ನಾನೇ ಚೆಕ್ ಮಾಡಿದೀನಿ. ಬಸ್ ಟೈಮಿಗೆ ಬರುತ್ತೆ. ನಿಧಾನಕ್ಕೆ ಹತ್ತೋರನ್ನ ಬಿಟ್ಟು ಓಡಲ್ಲ, ಹಿಂದೆ ಒಬ್ರು ಬಂದೇ ಬರ್ತಾರೆ, ನನ್ನಂಥ ಮಂಡಿಯೋರಿಗೆ ಇದು ದೊಡ್ಡ ವಿಷಯ.

ಮೂರು ವರ್ಷದಲ್ಲಿ ಚಾಮುಂಡಿ ಬೆಟ್ಟದ ಸಾವಿರ ಚಿಲ್ರೆ ಮೆಟ್ಲು ಎಷ್ಟು ಸಲ ಹತ್ತಿದೀನೋ ಲೆಕ್ಕ ಇಲ್ಲ, ನಂದಿ ಹತ್ರ ಕೂತು ಉಸಿರು ಬಿಡೋದೇ ಒಂದು ಸುಖ. ಮೇಲುಕೋಟೆ, ಕರಿಘಟ್ಟ, ಪಾಂಡವಪುರದ ಕುಂತಿಬೆಟ್ಟ. ಪಾಂಡವಪುರಕ್ಕೆ ಮುಂಚೆ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು, ಹೈದರ್ ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ರು ಅಂತ, ಇದನ್ನ ಮೊದಲು ಹೇಳಿಕೊಟ್ಟಿದ್ದು ಆ ಲೀಡರೇ. ಹೌದು, ಈ ರಿವ್ಯೂ ಆತನ ಬಗ್ಗೆನೂ. ಆತ ಕೆಟ್ಟ ಲೀಡರ್ ಆಗಿದ್ದಿದ್ರೆ ಕಥೆ ಸುಲಭ ಇತ್ತು. ಕತ್ತಲಲ್ಲಿ ಕುಂತಿಬೆಟ್ಟ ಹತ್ತೋವಾಗ ಬಂಡೆ ಮೇಲೆ ನನ್ನ ಕಾಲು ನಡುಗ್ತಾ ಇದ್ರೆ ಟಾರ್ಚ್ ಹಲ್ಲಲ್ಲಿ ಕಚ್ಕೊಂಡು, ಎರಡು ಕೈಯಲ್ಲೂ ನನ್ನ ಶೂ ಹಿಡ್ಕೊಂಡು ಒಂದೊಂದೇ ಸಂದಿಗೆ ಇಡಿಸಿ ಮೇಲೆ ಹತ್ತಿಸಿದ ಮನುಷ್ಯ. ಆರು ವರ್ಷ ಒಂದು ಪೈಸೆ ತಗೊಳ್ದೆ ಪ್ರತಿ ಭಾನುವಾರ ಎದ್ದು ಬಂದೋರು. ಅದಕ್ಕೇ ನನ್ನ ಅಕ್ಕನ ಮಗಳನ್ನ, ಇಂಜಿನಿಯರಿಂಗ್ ಎರಡನೇ ವರ್ಷದೋಳನ್ನ, ನಾನೇ ಸೇರಿಸಿದ್ದು, ಅದೂ ಅವರದೇ ಬ್ಯಾಚಿಗೆ.

ಹೋದ ವರ್ಷ ಒಂದು ದಿನ ಗ್ರೂಪಲ್ಲಿ ಮೆಸೇಜ್ ಬಂತು, ನಮ್ಮ ಪ್ರೀತಿಯ ಲೀಡರ್ ವೈಯಕ್ತಿಕ ಕಾರಣಗಳಿಂದ ಜವಾಬ್ದಾರಿಯಿಂದ ಬಿಡುಗಡೆ ಕೋರಿದಾರೆ, ಬೀಳ್ಕೊಡುಗೆ ಸಮಾರಂಭ, ತಲಾ 200. ಅಯ್ಯೋ ಪಾಪ, ಮನೇಲಿ ಯಾರಿಗಾದ್ರೂ ಹುಷಾರಿಲ್ವೇನೋ ಅಂತ ನಾವೆಲ್ಲಾ ಮಾತಾಡ್ಕೊಂಡ್ವಿ. ನಾನು 200ರ ಜಾಗದಲ್ಲಿ 500 ಕೊಟ್ಟೆ. ಸಮಾರಂಭದ ದಿನ ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಫ್ರೇಮ್ ಹಾಕಿಸಿದ ಫೋಟೋ. ಪೇಟ ತೊಡಿಸೋಕೆ ಹಿರಿಯ ಮಹಿಳಾ ಸದಸ್ಯೆ ಅಂತ ನನ್ನನ್ನ ಕರೆದ್ರು. ಪೇಟ ಸೈಜು ಸ್ವಲ್ಪ ಚಿಕ್ಕದು, ಕೂರ್ತಿರಲಿಲ್ಲ, ಎರಡು ಕೈಯಲ್ಲೂ ಒತ್ತಿ ಕೂರಿಸ್ದೆ, ಎಲ್ರೂ ನಕ್ರು, ಚಪ್ಪಾಳೆ. ಆಗ ಮುಂದಿನ ಸಾಲಲ್ಲಿ ಕೂತಿದ್ದ ಕಮಿಟಿ ಏಳು ಜನದಲ್ಲಿ ಒಬ್ರೂ ನನ್ನ ಮುಖ ನೋಡ್ತಿರಲಿಲ್ಲ. ಅವತ್ತು ಅದು ನನಗೆ ಹೊಳೀಲಿಲ್ಲ, ಆಮೇಲೆ ಫೋಟೋ ನೋಡಿದಾಗ ಹೊಳೀತು.

ವಿಷಯ ಗೊತ್ತಾಗಿದ್ದು ಎರಡು ತಿಂಗಳ ಮೇಲೆ, ಎಲ್ಲಿ ಅಂತೀರಾ, ನಮ್ಮ ರೋಡಿನ ತರಕಾರಿ ಗಾಡಿ ಹತ್ರ. ಕಮಿಟಿಯ ಒಬ್ರ ಮನೆಯೋರು ಬೀನ್ಸ್ ಆರಿಸ್ತಾ ಆರಿಸ್ತಾ, ಅದೇ ನಿಮ್ಮ ಗುಂಪಿನ ಹುಡುಗಿ ಇದ್ಳಲ್ಲ, ಅಂತ ಹೆಸರು, ಅವಳು ಯಾವ ಕಾಲೇಜು, ಮನೆ ಯಾವ ಕ್ರಾಸು, ಎಲ್ಲಾ ಹೇಳಿಬಿಟ್ರು. ಲೀಡರ್ ಹೊಸದಾಗಿ ಸೇರಿದ ಹುಡುಗಿಯರಿಗೆ ರಾತ್ರಿ ಹನ್ನೊಂದು ಹನ್ನೆರಡಕ್ಕೆ ಮೆಸೇಜ್ ಮಾಡ್ತಿದ್ರಂತೆ, ಬೇಡ ಅಂದ್ಮೇಲೂ ಬಿಡ್ತಿರಲಿಲ್ವಂತೆ, ಒಬ್ಳು ಧೈರ್ಯ ಮಾಡಿ ಸ್ಕ್ರೀನ್‌ಶಾಟ್ ಸಮೇತ ಕಮಿಟಿಗೆ ಕೊಟ್ಳಂತೆ, ನನ್ನ ಹೆಸರು ಮಾತ್ರ ಹೊರಗೆ ಬರೋದು ಬೇಡ ಅಂತ ಒಂದೇ ಒಂದು ಮಾತು ಕೇಳಿದ್ಳಂತೆ. ಮುಚ್ಚಿಡಿ ಅಂತ ಅವಳು ಕೇಳಿದ್ದು ಅದೊಂದನ್ನೇ. ಅದೊಂದೇ ತರಕಾರಿ ಗಾಡಿ ಹತ್ರ ಬಿದ್ದಿದ್ದು. ಅವಳು ಮುಚ್ಚಿಡಿ ಅನ್ನದೇ ಇದ್ದಿದ್ದು, ಅಂದ್ರೆ ದೂರು ಬಂತು ಅನ್ನೋದು, ವಿಚಾರಣೆ ಆಯ್ತೋ ಇಲ್ವೋ, ಏನು ತೀರ್ಮಾನ ಆಯ್ತು ಅನ್ನೋದು, ಅದೆಲ್ಲಾ 212 ಜನ ಮೆಂಬರ್‌ಗಳಿಗೆ ಇವತ್ತಿಗೂ ಗೊತ್ತಿಲ್ಲ.

ಅಲ್ಲೇ ನಿಂತು ನಾನು ಯೋಚ್ನೆ ಮಾಡಿದ್ದು ಅಕ್ಕನ ಮಗಳನ್ನ. ಮನೆಗೆ ಬಂದು ಫೋನ್ ಮಾಡಿ ಸುತ್ತಿ ಬಳಸಿ ಕೇಳ್ದೆ. ಅವಳು ನಕ್ಕು, ಹೂಂ ಚಿಕ್ಕಮ್ಮ, ಎರಡು ಸಲ ಬಂದಿತ್ತು, ಬ್ಲಾಕ್ ಮಾಡ್ದೆ, ನೀನು ಅವರನ್ನ ಅಷ್ಟು ಹೊಗಳ್ತಿದ್ಯಲ್ಲ ಅಂತ ಹೇಳಲಿಲ್ಲ, ಅಂದ್ಳು. ನಾನು ಫೋನ್ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇನ್ನೊಂದು ವಿಷಯ, ಇದೇ ಕಮಿಟಿ ಅದಕ್ಕೂ ಒಂದು ವರ್ಷ ಮುಂಚೆ ಏನ್ ಮಾಡಿತ್ತು ಅಂತ ಹೇಳಿದ್ರೆ ನಿಮಗೆ ನಗು ಬರುತ್ತೋ ಸಿಟ್ಟು ಬರುತ್ತೋ. ಮೇಲುಕೋಟೆ ಟ್ರಿಪ್ಪಿನ ಬಸ್ ಅಡ್ವಾನ್ಸು 18,400 ರೂಪಾಯಿ ಲೆಕ್ಕಕ್ಕೆ ಸಿಗ್ತಿಲ್ಲ ಅಂತ ಆಯ್ತು. ಖಜಾಂಚಿ ಒಬ್ಬ ಚಿಕ್ಕ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಅವನನ್ನ ಕರೆದು ಕೂರಿಸಿ ಕೇಳೋದಿಲ್ವಾ, ರಸೀದಿ ನೋಡೋದಿಲ್ವಾ, ನೇರ ಗ್ರೂಪಲ್ಲಿ ಹೆಸರು ಹಾಕಿ, ಪಾರದರ್ಶಕತೆಯ ದೃಷ್ಟಿಯಿಂದ ಸದಸ್ಯರ ಗಮನಕ್ಕೆ, ಅಂತ ಶುರು ಮಾಡಿ ಹಣ ದುರುಪಯೋಗ ಅಂತ ಬರೆದುಬಿಟ್ರು. ಹುಡುಗ ಕೊಟ್ಟೆ ಕೊಟ್ಟೆ ಅಂತಿದಾನೆ, ಕೇಳೋರಿಲ್ಲ. ಕೊನೆಗೆ ನಾಲ್ಕು ದಿನ ಆದ್ಮೇಲೆ ಬಸ್ಸಿನೋನಿಗೆ ನಾನೇ ಫೋನ್ ಹಚ್ಚಿದ್ರೆ, ಆತ ಮಂಡ್ಯ ಕಡೆಯೋನು, ಅಯ್ಯೋ ದುಡ್ ನನ್ ತಾವೇ ಐತೆ ಕಣಕ್ಕೋ, ಆ ಹೈದ ಅವತ್ತೇ ಕೊಟ್ಬುಟ್ಟವ್ನೆ, ನಾನೇ ಚೀಟಿ ಕೊಡೋದು ಮರ್ತಿದ್ದೆ ಬುಡಿ ಅತ್ಲಾಗೆ, ಅಂದ! ಕಮಿಟಿ ಕ್ಷಮೆ ಕೇಳಿದ್ದು ಹೆಂಗೆ ಗೊತ್ತಾ, ರಾತ್ರಿ ಹತ್ತೂವರೆಗೆ ಒಂದೇ ಲೈನು, ಲೆಕ್ಕ ಸರಿಹೋಗಿದೆ ಧನ್ಯವಾದಗಳು, ಅದರ ಕೆಳಗೆ ಯಾರೋ ಹಾಕಿದ ಗುಲಾಬಿ ಹೂವಿನ ಶುಭರಾತ್ರಿ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರಲ್ಲ, ಆ ಹುಡುಗ ಆಮೇಲೆ ಒಂದು ಟ್ರಿಪ್ಪಿಗೂ ಬಂದಿಲ್ಲ.

ದುಡ್ಡಿನ ಲೆಕ್ಕ ತೆರೆದಿಡಬೇಕಾದ್ದು, ಎಲ್ರ ದುಡ್ಡು ಅದು, ಅಲ್ಲಿ ಇವರು ಲೆಕ್ಕ ತೆರೆದಿಡಲಿಲ್ಲ, ಮನುಷ್ಯನನ್ನ ತೆರೆದಿಟ್ರು. ಲೀಡರ್ ವಿಷಯದಲ್ಲಿ ಹುಡುಗಿಯನ್ನ ಮುಚ್ಚಿಡಬೇಕಿತ್ತು, ಇವರು ಮುಚ್ಚಿಟ್ಟಿದ್ದು ತಮ್ಮನ್ನ. ಎರಡು ಸಲಕ್ಕೂ ಬಾಯಲ್ಲಿ ದೊಡ್ಡ ದೊಡ್ಡ ಪದ, ಒಂದ್ಸಲ ಪಾರದರ್ಶಕತೆ, ಇನ್ನೊಂದ್ಸಲ ಗೌಪ್ಯತೆ.

ಸೆಕ್ರೆಟರಿ ಮನೆಗೆ ಹೋಗಿ ಕೇಳ್ದೆ. ಕಾಫಿ ಕೊಟ್ರು, ಚೆನ್ನಾಗೇ ಮಾತಾಡಿದ್ರು, ಅವರು ಹೇಳಿದ್ದನ್ನೂ ಹೇಳ್ಬೇಕು ಇಲ್ಲಾಂದ್ರೆ ನನ್ನ ರಿವ್ಯೂನೂ ಏಕಪಕ್ಷೀಯ ಆಗುತ್ತೆ. ನೋಡಮ್ಮ, ನಾವ್ಯಾರೂ ಸಂಬಳ ತಗೊಳೋರಲ್ಲ, ಪೊಲೀಸರಲ್ಲ, ಜಡ್ಜುಗಳಲ್ಲ, ಭಾನುವಾರ ಬೆಟ್ಟ ಹತ್ತಿಸೋಕೆ ಬಂದೋರು. ಆ ಮನುಷ್ಯನಿಗೆ ಹೆಂಡ್ತಿ ಇದಾಳೆ, ಮಗ ಎಸ್ಸೆಸ್ಸೆಲ್ಸಿ. ಹೊರಗೆ ಹಾಕಿದ್ರೆ ಮಾನನಷ್ಟ ಕೇಸು ನನ್ನ ಮೇಲೆ ಬರುತ್ತೆ, ನಿಮ್ಮ ಮೇಲಲ್ಲ. ಮೈಸೂರು ಎಷ್ಟು ಚಿಕ್ಕ ಊರು ನಿಮಗೇ ಗೊತ್ತು. ಹುಡುಗಿ ಬೇರೆ ಗುಟ್ಟಾಗಿಡಿ ಅಂದಿದಾಳೆ. ಅದಕ್ಕೇ ಮರ್ಯಾದೆಯಾಗಿ ಕಳಿಸಿಕೊಟ್ವಿ.

ಇದರಲ್ಲಿ ಅರ್ಧಕ್ಕೆ ನಾನು ಒಪ್ತೀನಿ. ಮಾನನಷ್ಟ ಅನ್ನೋದು ಸುಳ್ಳು ಭಯ ಅಲ್ಲ, ಭಾರತೀಯ ನ್ಯಾಯ ಸಂಹಿತೆ 356ರಲ್ಲಿ ಎರಡು ವರ್ಷದವರೆಗೆ ಶಿಕ್ಷೆ ಇದೆ, ನಿಜ ಹೇಳಿದ್ರೂ ಅದು ಸಾರ್ವಜನಿಕ ಹಿತಕ್ಕೆ ಅಂತ ತೋರಿಸಬೇಕು. ಗೌಪ್ಯತೆನೂ ಇವರು ಕಂಡುಹಿಡಿದಿದ್ದಲ್ಲ, ಕೆಲಸದ ಜಾಗದ ಲೈಂಗಿಕ ಕಿರುಕುಳದ 2013ರ ಕಾಯ್ದೆಯ 16ನೇ ಸೆಕ್ಷನ್ ದೂರು ಕೊಟ್ಟೋಳ ಹೆಸರು ಮಾತ್ರ ಅಲ್ಲ, ಆರೋಪ ಹೊತ್ತೋನ ಹೆಸರು, ಸಾಕ್ಷಿಗಳ ಹೆಸರು, ವಿಚಾರಣೆಯಲ್ಲಿ ಏನಾಯ್ತು ಅನ್ನೋದು ಎಲ್ಲಾನೂ ಹೊರಗೆ ಹಾಕೋ ಹಾಗಿಲ್ಲ ಅನ್ನುತ್ತೆ. ಅದಕ್ಕೇ ನಾನೂ ಇಲ್ಲಿ ಯಾರ ಹೆಸರೂ ಹಾಕ್ತಿಲ್ಲ, ಬಳಗದ ಹೆಸರು ಹಾಕಿದ್ರೆ ಆರು ವರ್ಷದ ಲೀಡರ್ ಯಾರು ಅಂತ ಹುಡುಕೋಕೆ ಎರಡು ನಿಮಿಷ ಸಾಕು, ಅಲ್ಲಿಂದ ಹುಡುಗಿ ಹತ್ರ ಹೋಗೋಕೆ ಇನ್ನೆರಡು ನಿಮಿಷ. ಆದ್ರೆ ಅದೇ 16ನೇ ಸೆಕ್ಷನ್ನಿನ ಕೆಳಗೇ ಇನ್ನೊಂದು ಮಾತಿದೆ, ಗುರುತು ಬಿಟ್ಟುಕೊಡದೆ ನ್ಯಾಯ ಸಿಕ್ಕಿದೆ ಅನ್ನೋ ಮಾಹಿತಿನ ಹಂಚಬಹುದು ಅಂತ. ಸೆಕ್ರೆಟರಿ ಮೇಲಿನ ಭಾಗ ಬಾಯಿಪಾಠ ಮಾಡಿದ್ರು, ಕೆಳಗಿಂದು ಓದೇ ಇಲ್ಲ.

ನಾವು ವಾಲಂಟಿಯರ್ಸು, ನಮಗೆ ಆ ಕಾಯ್ದೆ ಎಲ್ಲಿ ಬರುತ್ತೆ ಅಂತಾನೂ ಅಂದ್ರು. ಆ ಕಾಯ್ದೇಲಿ ಉದ್ಯೋಗಿ ಅಂದ್ರೆ ಯಾರು ಅನ್ನೋ ಕಡೆ ಸಂಬಳ ಇಲ್ದೆ ಸ್ವಯಂಪ್ರೇರಣೆಯಿಂದ ಕೆಲಸ ಮಾಡೋರೂ ಸೇರ್ತಾರೆ, ಕೆಲಸದ ಜಾಗ ಅನ್ನೋದರಲ್ಲಿ ಸೊಸೈಟಿ, ಟ್ರಸ್ಟು ಎಲ್ಲಾ ಬರುತ್ತೆ. ಹತ್ತು ಜನ ಕೆಲಸದೋರಿಲ್ದೆ ಒಳಗೆ ಸಮಿತಿ ಇಲ್ಲ ಅಂದ್ರೆ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿ ಅಂತ ಇರ್ಬೇಕು. ದೂರು ಮೂರು ತಿಂಗಳೊಳಗೆ ಕೊಡಬೇಕು, ಕಾರಣ ಇದ್ರೆ ಇನ್ನೂ ಮೂರು ತಿಂಗಳು ಕೊಡ್ತಾರೆ, ವಿಚಾರಣೆ 90 ದಿನದಲ್ಲಿ ಮುಗೀಬೇಕು. ಸರಿ, ಟ್ರಿಪ್ಪಿಗೆ ದುಡ್ಡು ಕೊಟ್ಟು ಬರೋ ಮೆಂಬರ್ ಆ ಲೆಕ್ಕಕ್ಕೆ ಬರ್ತಾಳೋ ಇಲ್ವೋ ಅಂತ ವಕೀಲರು ಬೇಕಾದ್ರೆ ವಾದ ಮಾಡ್ಕೊಳ್ಳಿ, ಈ ಹುಡುಗಿ ಪ್ರತಿ ತಿಂಗಳು ರಿಜಿಸ್ಟ್ರೇಷನ್ ಟೇಬಲ್ಲಲ್ಲಿ ಕೂತು ಪುಕ್ಕಟೆ ಕೆಲಸ ಮಾಡ್ತಿದ್ದೋಳು. ಇಂಥ ಒಂದು ಸಮಿತಿ ಇದೆ ಅಂತ ಅವಳಿಗೆ ಒಬ್ರೂ ಹೇಳಲಿಲ್ಲ, ನಮ್ಮ ಕಮಿಟಿಗೂ ಗೊತ್ತಿರಲಿಲ್ಲ. ಒಂದು ಸಂಜೆ ಲೀಡರನ್ನ ಕರೆದು ಕೂರಿಸಿ ಮಾತಾಡಿ, ತಪ್ಪಾಯ್ತು ಅನ್ನಿಸಿ, ಪೇಟದ ಬಜೆಟ್ ಹಾಕಿದ್ರು, ಅಷ್ಟೇ.

ಪಕ್ಕದ ಕೇರಳ ನೋಡಿ. ಸಿನಿಮಾ ರಂಗದ ಹೆಣ್ಮಕ್ಕಳ ಪಾಡು ನೋಡೋಕೆ ಅಂತ 2017ರಲ್ಲಿ ಜಸ್ಟಿಸ್ ಹೇಮಾ ಕಮಿಟಿ ಮಾಡಿದ್ರು, 2019ರ ಡಿಸೆಂಬರಲ್ಲಿ ರಿಪೋರ್ಟ್ ಕೈಗೆ ಬಂತು, ಗೌಪ್ಯ ಗೌಪ್ಯ ಅಂತ ನಾಲ್ಕೂವರೆ ವರ್ಷ ಕಪಾಟಲ್ಲಿಟ್ರು. ಕೊನೆಗೆ ಮಾಹಿತಿ ಆಯೋಗ ಹೇಳಿದ್ಮೇಲೆ 2024ರ ಆಗಸ್ಟಲ್ಲಿ ಗುರುತು ಸಿಗೋ ಭಾಗ ತೆಗೆದು ಉಳಿದಿದ್ದನ್ನ ಬಿಟ್ರು. ಹೆಸರಿಲ್ಲದ ರಿಪೋರ್ಟೇ ಅದು, ಆದ್ರೂ ಹತ್ತು ದಿನದೊಳಗೆ ಅಲ್ಲಿನ ಕಲಾವಿದರ ಸಂಘದ ಕಾರ್ಯಕಾರಿ ಸಮಿತಿ ಪೂರ್ತಿ ರಾಜೀನಾಮೆ ಕೊಡ್ತು. ಹೆಸರು ಮುಚ್ಚಿ ವಿಷಯ ಬಿಡೋಕೆ ಆಗುತ್ತೆ ಅಂತಾಯ್ತಲ್ಲ, ಕಪ್ಪು ಶಾಯಿ ಅನ್ನೋದು ಇರೋದೇ ಅದಕ್ಕೆ.

ಅಷ್ಟು ದೊಡ್ಡದೇನೂ ನಾನು ಕೇಳಿಲ್ಲ. ಐದು ಲೈನು ಸಾಕಿತ್ತು, ಸೆಕ್ರೆಟರಿ ಮನೇಲೇ ಅವರ ಮಗಳ ನೋಟ್‌ಬುಕ್ಕಲ್ಲಿ ಬರೆದುಕೊಟ್ಟು ಬಂದೆ. ಒಬ್ಬ ಸ್ವಯಂಸೇವಕರ ನಡವಳಿಕೆ ಬಗ್ಗೆ ದೂರು ಬಂದಿತ್ತು. ವಿಚಾರಿಸಿದೀವಿ, ಬಳಗದ ನಿಯಮ ಮೀರಿರೋದು ಕಂಡುಬಂದಿದೆ, ಕ್ರಮ ತಗೊಂಡಿದೀವಿ. ಈಗಿರೋ ಲೀಡರ್‌ಗಳ ಪಟ್ಟಿ ಇದು. ದೂರು ಯಾರದು ಅಂತ ಯಾರೂ ಕೇಳಬೇಡಿ, ಕಮಿಟಿಯೋರು ಬಾಯಿ ಬಿಟ್ರೆ ಅವರ ಮೇಲೂ ಕ್ರಮ. ಬೇರೆ ಯಾರಿಗಾದ್ರೂ ಹೇಳೋದಿದ್ರೆ ಈ ಇಬ್ಬರಿಗೆ ಹೇಳಿ, ಅದರಲ್ಲಿ ಒಬ್ರು ಕಮಿಟಿಯೋರಲ್ಲ. ಅಷ್ಟೇ. ಇದರಲ್ಲಿ ಮಾನನಷ್ಟ ಎಲ್ಲಿದೆ? ಪಟ್ಟಿ ನೋಡಿದ್ರೆ ಯಾರು ಅಂತ ಗೊತ್ತಾಗಲ್ವಾ ಅಂದ್ರು. ಗೊತ್ತಾಗುತ್ತೆ, ಕೆಲವರಿಗೆ. ಅದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ, ಒಪ್ಕೋತೀನಿ. ಆದ್ರೆ ಈಗ ಏನಾಗಿದೆ ಅಂದ್ರೆ ಕಮಿಟಿ ಬಾಯಿ ಮುಚ್ಕೊಂಡಿದ್ದಕ್ಕೆ ಊರು ಬಾಯಿ ತೆಗೆದಿದೆ. ಮೆಸೇಜ್ ಮಾಡ್ತಿದ್ರು ಅನ್ನೋದು ತರಕಾರಿ ಗಾಡಿಯಿಂದ ದೇವಸ್ಥಾನಕ್ಕೆ ಹೋಗೋಷ್ಟರಲ್ಲಿ ಕೈ ಹಿಡಿದ ಅಂತ ಆಗಿ, ಅಲ್ಲಿಂದ ಸರಸ್ವತಿಪುರಂಗೆ ಬರೋಷ್ಟರಲ್ಲಿ ಇನ್ನೇನೋ ಆಗಿ, ಈಗ ಆ ಮನುಷ್ಯ ಮಾಡದೇ ಇರೋದೂ ಅವರ ತಲೆ ಮೇಲೆ ಕೂತಿದೆ. ಅವರಿಗೆ ಮಾಡಿದ ಉಪಕಾರನೂ ಇದಲ್ಲ.

ಸುಮ್ಮನಿರೋದು ಬೇರೆ, ಸುಳ್ಳು ಹೇಳೋದು ಬೇರೆ ಕಣ್ರೀ. ಕಾನೂನು ಸುಮ್ಮನಿರಿ ಅನ್ನುತ್ತೆ, ಪೇಟ ತೊಡಿಸಿ ಅನ್ನಲ್ಲ. ವೈಯಕ್ತಿಕ ಕಾರಣ ಅಂತ ಬರೆಯಿರಿ ಅಂತ ಯಾವ ಸೆಕ್ಷನ್ನಲ್ಲೂ ಇಲ್ಲ. ನನಗೆ ಎಲ್ಲಕ್ಕಿಂತ ಉರಿದಿದ್ದು ಒಂದು ಕಾಗದ. ಬೇಸಿಗೆಯಲ್ಲಿ ಮಂಡ್ಯ ಕಡೆ ಒಂದು ಮಕ್ಕಳ ಶಿಬಿರದ ಪಾಂಪ್ಲೆಟ್ ಬಂತು, ಚಾರಣ ಮಾರ್ಗದರ್ಶಕರು ಅಂತ ಇವರದೇ ಫೋಟೋ, ತಲೆ ಮೇಲೆ ಅದೇ ಪೇಟ, ನಾನು ಒತ್ತಿ ಕೂರಿಸಿದ ಪೇಟ. ಶಿಬಿರದೋರಿಗೆ ಫೋನ್ ಮಾಡಿದ್ರೆ, ನಿಮ್ಮ ಬಳಗದೋರೇ ಲೆಟರ್ ಕೊಟ್ಟಿದಾರಲ್ಲ ಮೇಡಂ, ಆರು ವರ್ಷ ಅನುಕರಣೀಯ ಸೇವೆ ಅಂತ, ಅಂದ್ರು. ಆ ಲೆಟರಿಗೆ ಸಹಿ ಯಾರದು ಅಂತ ನಾನು ಬೇರೆ ಹೇಳ್ಬೇಕಾಗಿಲ್ಲ. ನಾನು ಅವರಿಗೆ ಏನೂ ಕಥೆ ಹೇಳೋ ಹಾಗಿರಲಿಲ್ಲ, ಆ ಲೆಟರ್ ಬರೆದೋರಿಗೆ ಇನ್ನೊಂದ್ಸಲ ಫೋನ್ ಮಾಡಿ, ಮಕ್ಕಳ ಜೊತೆ ಬಿಡಬಹುದಾ ಅಂತ ನೇರವಾಗಿ ಕೇಳಿ, ಉತ್ತರನ ಬರವಣಿಗೆಯಲ್ಲಿ ತಗೊಳ್ಳಿ, ಅಂದೆ ಅಷ್ಟೇ. ಕೇಳಿದ್ರು ಅಂತ ಕಾಣುತ್ತೆ, ಮುಂದಿನ ಪಾಂಪ್ಲೆಟಲ್ಲಿ ಫೋಟೋ ಇರಲಿಲ್ಲ.

ವಾರ್ಷಿಕ ಸಭೆ ಒಂದು ಸ್ಕೂಲ್ ಹಾಲಲ್ಲಿ ಆಯ್ತು. ಸೊಸೈಟಿ ಆಗಿ ರಿಜಿಸ್ಟರ್ ಆಗಿರೋದ್ರಿಂದ ವರ್ಷಕ್ಕೊಂದು ಸಭೆ ಮಾಡಲೇಬೇಕು, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960. ಅದೇ ಕಾಯ್ದೆಯ 25ನೇ ಸೆಕ್ಷನ್ನಲ್ಲಿ ಮೂರನೇ ಒಂದು ಭಾಗ ಸದಸ್ಯರು ಸಹಿ ಹಾಕಿ ಕೊಟ್ರೆ ರಿಜಿಸ್ಟ್ರಾರ್ ವಿಚಾರಣೆ ಮಾಡಲೇಬೇಕು ಅಂತಿದೆ, ನಮ್ಮ ಲೆಕ್ಕಕ್ಕೆ 71 ಸಹಿ. ನಾನು ಒಂದು ತಿಂಗಳು ಓಡಾಡಿ ತಂದಿದ್ದು 23. ಉಳಿದೋರೆಲ್ಲಾ ಬಾಯಲ್ಲಿ ನಿಮ್ಮ ಜೊತೆ ಇದೀವಿ ಅಕ್ಕ ಅಂತಾರೆ, ಪೆನ್ನು ಕೊಟ್ರೆ ಕನ್ನಡಕ ಮನೇಲಿದೆ ಅಂತಾರೆ. ಆದ್ರೂ 23ಕ್ಕೂ ಒಂದು ತೂಕ ಇತ್ತು ಅನ್ಸುತ್ತೆ, ಸಭೇಲಿ ಎದ್ದು ನಿಂತು ಮೂರು ಕೇಳ್ದೆ, ಎರಡು ಒಪ್ಪಿದ್ರು. ಪ್ರತಿ ತಿಂಗಳ ಲೆಕ್ಕ ರಸೀದಿ ಸಮೇತ ಬೋರ್ಡಿಗೆ ಹಾಕ್ತಾರೆ, ಹಾಕ್ತಾನೂ ಇದಾರೆ. ದೂರು ತಗೊಳೋಕೆ ಕಮಿಟಿಗೆ ಸಂಬಂಧ ಇಲ್ಲದ ಒಬ್ರು ಮಹಿಳಾ ಕೌನ್ಸೆಲರ್ ಇದಾರೆ, ರಾತ್ರಿ ಒಂಬತ್ತರ ಮೇಲೆ ಲೀಡರ್‌ಗಳು ಯಾರಿಗೂ ಪರ್ಸನಲ್ ಮೆಸೇಜ್ ಮಾಡೋ ಹಾಗಿಲ್ಲ ಅಂತ ನಿಯಮ ಆಗಿದೆ. ಆ ಐದು ಲೈನು ಮಾತ್ರ ಓದಲಿಲ್ಲ. ಹಳೇದು ಕೆದಕೋದು ಬೇಡಮ್ಮ ಅಂದ್ರು, ಕಾಫಿ ಬಂತು, ಎಲ್ರೂ ಎದ್ರು.

ಖಜಾಂಚಿ ಹುಡುಗನ ಮನೆಗೆ ನಾನು ಮೇಷ್ಟ್ರು ಇಬ್ರೂ ಹೋಗಿದ್ವಿ. ಕೂರಿಸಿದ, ಜ್ಯೂಸ್ ಕೊಟ್ಟ, ಬರ್ತೀನಿ ಆಂಟಿ ನೋಡೋಣ ಅಂದ. ಗೇಟ್ ತನಕ ಬಂದು, ಆ ಮೆಸೇಜ್ ಇನ್ನೂ ಗ್ರೂಪಲ್ಲಿ ಇದೆಯಾ, ಅಂತ ಕೇಳಿದ. ಇದೆ ಅಂತ ಹೇಳೋಕಾಗದೆ ಮೇಷ್ಟ್ರು ಚಪ್ಪಲಿ ಹಾಕ್ಕೊಳ್ತಾ ಕೂತ್ರು. ಹುಡುಗಿ ಬಗ್ಗೆ ನಾನು ಏನೂ ಬರೆಯಲ್ಲ.

ಈಗ ಮಾರ್ಕ್ಸು. ತಿಂಡಿ ಐದು. ಬಸ್ಸು ನಾಲ್ಕು, ಹಿಂದಿನ ಸೀಟು ಕುಲುಕುತ್ತೆ. ಹತ್ತೋವಾಗಿನ ಸುರಕ್ಷತೆ ನಾಲ್ಕೂವರೆ. ರೇಟು ಐದು, ಈ ವರ್ಷ 700 ಮಾಡಿದಾರೆ ಆದ್ರೂ ಐದು. ಕಮಿಟಿ ಒಂದು ಕೊಡೋಣ ಅಂತಿದ್ದೆ, ಆ ಕೌನ್ಸೆಲರ್ ನಂಬರ್ ಬಸ್ಸಿನ ಬಾಗಿಲಿಗೆ ಅಂಟಿಸಿದಾರಲ್ಲ ಅದಕ್ಕೆ ಇನ್ನರ್ಧ. ಹೊಸಬರು ಹೋಗೋದಿದ್ರೆ ಮೊದಲು ಆ ನಂಬರ್ ಸೇವ್ ಮಾಡ್ಕೊಳ್ಳಿ, ಲೀಡರ್ ಯಾಕೆ ಬದಲಾದ್ರು ಅಂತ ಕೇಳಿ, ವೈಯಕ್ತಿಕ ಕಾರಣ ಅಂದ್ರೆ ಇನ್ನೊಂದ್ಸಲ ಕೇಳಿ. ನಾನು ರಿನ್ಯೂ ಮಾಡ್ಸಿದೀನಾ ಅಂದ್ರೆ, ಮಾಡ್ಸಿದೀನಿ, ಆ 23 ಸಹಿಯ ಹಾಳೆ ಇನ್ನೂ ನನ್ನ ಬ್ಯಾಗಲ್ಲೇ ಇದೆ, ಬಸ್ಸಲ್ಲಿ ಪಕ್ಕ ಕೂತೋರಿಗೆ ತೋರಿಸೋಕೆ ಒಳ್ಳೆ ಟೈಮ್ ಸಿಗುತ್ತೆ. ಹೋದ ಭಾನುವಾರಕ್ಕೆ 26 ಆಯ್ತು. ಕುಂತಿಬೆಟ್ಟಕ್ಕೆ ಹೋಗೋರು ಗ್ರಿಪ್ ಇರೋ ಶೂ ಹಾಕ್ಕೊಳ್ಳಿ, ಇಬ್ಬನಿ ಬಿದ್ದಾಗ ಬಂಡೆ ಜಾರುತ್ತೆ.